ಉದ್ದಕ್ಕೆ ಹೋದ ಹರಿಗೋಲು

ಮಾನ್ವಿ ಬಸ್‌ಸ್ಟ್ಯಾಂಡಿನ ಎದುರು ಮಿರ್ಚಿ ಕರಿಯುವ ಬಂಡಿಯವನಿಗೆ ರದ್ದಿ ಕಾಗದ ಎಲ್ಲೆಲ್ಲಿಂದ ಬರುತ್ತದೋ ಆ ದೇವರಿಗೇ ಗೊತ್ತು. ಒಮ್ಮೆ ಅವನು ನನ್ನದೇ ವಿದ್ಯಾರ್ಥಿಯೊಬ್ಬನ ಕಾಂಪೊಜಿಷನ್ ವಹಿಯ ಹಾಳೆಯಲ್ಲಿ ನಾಲ್ಕು ಮಿರ್ಚಿ ಕಟ್ಟಿಕೊಟ್ಟಿದ್ದ. ಆಕಳಿನ ಬಗ್ಗೆ ಬರೆದ ಪ್ರಬಂಧ. ಪಕ್ಕದಲ್ಲಿ ನನ್ನ ಕೆಂಪು ಶಾಯಿಯಲ್ಲಿ ‘ವಿಚಾರ ಸಾಲದು’ ಎಂಬ ಷರಾ. ವಿಚಾರ ಸಾಲದಿದ್ದರೂ ಎಣ್ಣೆ ಹೀರಲು ಆ ಹಾಳೆ ಧಾರಾಳವಾಗಿ ಸಾಕಾಗಿತ್ತು. ಅಂದಿನಿಂದ ಷರಾ ಬರೆಯುವಾಗ ಸ್ವಲ್ಪ ಕೈ ಬಿಗಿಹಿಡಿಯುತ್ತೇನೆ.

ಕಳೆದ ವಾರ ಅವನು ಕಟ್ಟಿಕೊಟ್ಟದ್ದು ಯಾವುದೋ ಪರದೇಶದ ಇಂಗ್ಲಿಷ್ ಪತ್ರಿಕೆಯ ನುಣುಪು ಹಾಳೆ. ಎಣ್ಣೆ ಆ ಹಾಳೆಗೆ ಹಿಡಿಯದೆ ನನ್ನ ಧೋತರಕ್ಕೆ ಹಿಡಿಯಿತು. ಮನೆಗೆ ಬಂದು ಮಿರ್ಚಿ ತಿಂದು ಮುಗಿಸಿ ಹಾಳೆ ಬಿಡಿಸಿ ನೋಡಿದರೆ ಏಳು ಅಂತಸ್ತಿನ ಬಿಳಿ ಹಡಗು, ಹಡಗಿನ ಮೇಲೆ ಈಜುಕೊಳ, ಈಜುಕೊಳದ ದಂಡೆಯಲ್ಲಿ ಅಂಗಾತ ಮಲಗಿದ ಜನ. ನೀರಿನ ಮೇಲೆ ಹೋಗುವವರಿಗೆ ಮತ್ತೆ ನೀರಿನ ಕೊಳ ಯಾಕೆ ಬೇಕಾಯಿತೋ ತಿಳಿಯಲಿಲ್ಲ. ಕೆರಿಬಿಯನ್ ಸಮುದ್ರದಲ್ಲಿ ಏಳು ದಿನ, ದಿನಕ್ಕೊಂದು ದ್ವೀಪ ಎಂದು ಬರೆದಿತ್ತು. ಆ ದ್ವೀಪಗಳ ಹೆಸರು ನನಗೆ ಹೊಸವಲ್ಲ. ರಾಯಚೂರಿನ ಹಾಸ್ಟೆಲಿನಲ್ಲಿ ರೇಡಿಯೋಕ್ಕೆ ಕಿವಿ ಹಚ್ಚಿ ಕ್ರಿಕೆಟ್ ಕಾಮೆಂಟರಿ ಕೇಳುತ್ತಿದ್ದ ಕಾಲದಲ್ಲಿ ವೆಸ್ಟ್ ಇಂಡೀಸ್ ಒಂದೇ ದೇಶವೆಂದು ಜಗಳವಾಡಿ, ಪಂದ್ಯ ಕಟ್ಟಿ, ಸೋತು, ಒಂದು ವಾರ ಗೆದ್ದವನ ಅಂಗಿ ಒಗೆದುಕೊಟ್ಟವನು ನಾನು.

ನಮ್ಮಾಕೆ ಹೆಗಲ ಮೇಲಿಂದ ಬಗ್ಗಿ ನೋಡಿದಳು. “ಏಳು ದಿನ ಹಡಗಿನ್ಯಾಗ ಕುಂತು ಏನ್ ಮಾಡ್ತಾರ್ರೀ?”

“ಏನೂ ಮಾಡಂಗಿಲ್ಲ. ತಿಂತಾರ, ಮಲಗ್ತಾರ, ನೀರು ನೋಡ್ತಾರ.”

“ಅದಕ್ಕ ಅಷ್ಟ ದೂರ ಯಾಕ ಹೋಗಬೇಕು? ನೀವು ರಜಾದಾಗ ಮನ್ಯಾಗ ಅದನ್ನ ಮಾಡ್ತೀರಲ್ಲ. ನೀರೊಂದು ನೋಡಂಗಿಲ್ಲ, ಅಷ್ಟ.”

ನಕ್ಕೆ. ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು. ಜೊತೆಗೆ ಒಬ್ಬ ಗೆಳೆಯನನ್ನು ಕರೆತನ್ನಿ ಎಂದು. ಅದನ್ನು ಓದಿದ ಮೇಲೆ ನಗು ನಿಂತಿತು. ನಾನೂ ಹೋಗಿದ್ದೇನೆ, ಏಳು ದಿನ, ಗೆಳೆಯನೊಬ್ಬನ ಜೊತೆ. ಈ ಸಂಗತಿಯನ್ನು ಮನೆಯಾಕೆಗೆ ಇಷ್ಟು ವರ್ಷದಲ್ಲಿ ಹೇಳಿಲ್ಲ. ನಿಮಗೆ ಹೇಳಬಹುದು. ನಾಳೆ ಬೆಳಿಗ್ಗೆ ಚಹಾ ಕುಡಿಯುತ್ತ ನಿಮ್ಮ ಮುಖ ನೋಡಬೇಕಾದ ಪ್ರಸಂಗ ನನಗಿಲ್ಲ.

ಅವನ ಹೆಸರು ದೇವಿಂದ್ರ. ದೇವದುರ್ಗ ತಾಲೂಕಿನಲ್ಲಿ ಕೃಷ್ಣಾ ನದಿಯ ದಂಡೆಯ ಒಂದು ಊರಿನವನು, ಅಂಬಿಗರ ಮನೆಯವನು. ಊರಿನ ಹೆಸರು ಬೇಡ, ಅಲ್ಲಿ ಇನ್ನೂ ಜನ ಇದ್ದಾರೆ. ನಾನು ಮಾನ್ವಿ ತಾಲೂಕಿನ ಕಲ್ಲೂರಿನವನು, ಊರ ಹೊರಗಿನ ಕೇರಿಯವನು. ಎಪ್ಪತ್ತರ ದಶಕದ ನಡುವೆ ರಾಯಚೂರಿನ ಕಾಲೇಜಿನಲ್ಲಿ ಪಿಯುಸಿಯ ಕೊನೆಯ ಬೆಂಚಿನ ಮೇಲೆ ನಾವಿಬ್ಬರೂ ಕೂಡಿದೆವು. ಕೊನೆಯ ಬೆಂಚು ಹಿಡಿದದ್ದಕ್ಕೆ ನನ್ನ ಕಾರಣ ಸಂಕೋಚ, ಅವನ ಕಾರಣ ನಿದ್ದೆ. ಇಂಗ್ಲಿಷ್ ಪಾಠ ಶುರುವಾದರೆ ಐದೇ ನಿಮಿಷದಲ್ಲಿ ಅವನ ತಲೆ ನನ್ನ ಹೆಗಲಿಗೆ ಬರುತ್ತಿತ್ತು. ಅಂಥ ಧೈರ್ಯದಿಂದ ನನ್ನ ಹೆಗಲಿಗೆ ತಲೆ ಕೊಟ್ಟವರು ಆವರೆಗೆ ಬೇರೆ ಯಾರೂ ಇರಲಿಲ್ಲ. ನನ್ನ ಜಾತಿ ಅವನಿಗೆ ಮೊದಲ ವಾರವೇ ಗೊತ್ತಾಗಿತ್ತು. ನಾನೇ ಹೇಳಿದ್ದೆ, ಆಮೇಲೆ ತಕರಾರು ಬೇಡವೆಂದು. ಅವನು ಆಕಳಿಸಿ, “ನಿಮ್ಮ ಹಾಸ್ಟೆಲಿನ್ಯಾಗ ಚಪಾತಿ ಕೊಡ್ತಾರಂತಲ್ಲ, ಖರೇ ಏನು?” ಎಂದು ಕೇಳಿದ್ದ.

ಪಿಯುಸಿಯಲ್ಲಿ ನಾನು ಪಾಸಾಗಿ ಬಿ.ಎ. ಸೇರಿದೆ. ಅವನು ಫೇಲಾಗಿ ಊರಿಗೆ ಹೋದ. ಅಷ್ಟರಲ್ಲಿ ಅವನ ಅಪ್ಪ ತೀರಿಕೊಂಡಿದ್ದ. ಅವರ ಊರ ಕಡವಿನಲ್ಲಿ, ಅಂದರೆ ಜನ ಹೊಳೆ ದಾಟುವ ಜಾಗದಲ್ಲಿ, ಆರು ಮನೆಗಳ ಹಕ್ಕು. ಒಂದೊಂದು ವಾರ ಒಂದೊಂದು ಮನೆಯವರು ಹರಿಗೋಲು ಹಾಕಬೇಕು. ಅದಕ್ಕೆ ಪಾಳಿ ಎನ್ನುತ್ತಾರೆ. ಸುಗ್ಗಿಯಲ್ಲಿ ಎರಡೂ ದಂಡೆಯ ಊರವರು ಜೋಳ ಅಳೆಯುವುದು ಪಾಳಿ ಇದ್ದ ಮನೆಗೆ ಮಾತ್ರ. ಹೊಲವಿಲ್ಲದ ಅವರಿಗೆ ಪಾಳಿಯೇ ಹೊಲ, ಅದು ಹೋದರೆ ಒಲೆ ಆರಿದಂತೆ. ಅಪ್ಪನ ಪಾಳಿಯನ್ನು ಚಿಕ್ಕಪ್ಪ ನಡೆಸುತ್ತಿದ್ದ. ದೀಪಾವಳಿ ಕಳೆದ ಮೇಲೆ ದೇವಿಂದ್ರನೇ ಹುಟ್ಟು ಹಿಡಿಯಬೇಕೆಂದು ನಿಶ್ಚಯವಾಗಿತ್ತು.

ದಸರೆಯ ರಜೆಯಲ್ಲಿ ಅವನ ಊರಿಗೆ ಹೋದೆ. ಅವನ ಅವ್ವ ಹೊಟ್ಟೆ ತುಂಬ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಯಾವ ಮಂದಿ, ಎತ್ತ ಎಂದು ಕೇಳಲಿಲ್ಲ. ಮರುದಿನ ದಂಡೆಯಲ್ಲಿ ಕೂತಿದ್ದಾಗ ದೇವಿಂದ್ರ ಹೊಳೆ ನೋಡುತ್ತ ಹೇಳಿದ:

“ನಮ್ಮಪ್ಪ ನಲವತ್ತು ವರ್ಷ ಈ ಹೊಳ್ಯಾಗ ಹರಗೋಲ ಹಾಕಿದ. ಈ ದಂಡಿಯಿಂದ ಆ ದಂಡಿಗೆ, ಆ ದಂಡಿಯಿಂದ ಈ ದಂಡಿಗೆ. ಅಡ್ಡ ಅಡ್ಡ. ಉದ್ದಕ ಒಮ್ಮಿನೂ ಹೋಗಲಿಲ್ಲ ನೋಡು.”

“ಉದ್ದಕ ಹೋದರ ಏನದ?”

“ಅದನ್ನ ನೋಡಬೇಕಲ್ಲೇನಲೇ. ನಾಳೆ ನಾನೂ ಅಡ್ಡ ಬಿದ್ದೆ ಅಂದ್ರ ಮುಗೀತು.”

ಹೀಗೆ ನಮ್ಮ ನೌಕಾಯಾನ ಶುರುವಾಯಿತು. ಹಡಗು ಅವನ ಅಪ್ಪನ ಹಳೆಯ ಹರಿಗೋಲು: ಬಿದಿರಿನ ದೊಡ್ಡ ಬುಟ್ಟಿ, ಹೊರಗಡೆ ಎಮ್ಮೆಯ ತೊಗಲು. ಹರಿಗೋಲು ಕಾಣದವರಿಗೆ ಹೇಳುತ್ತೇನೆ, ಅದಕ್ಕೆ ಮುಂದೆ ಹಿಂದೆ ಎಂಬುದಿಲ್ಲ. ಹೋಗುವಷ್ಟು ಹೊತ್ತೂ ತನ್ನ ಸುತ್ತ ತಾನೇ ತಿರುಗುತ್ತದೆ. ಒಳಗೆ ಕೂತವನಿಗೆ ಎರಡು ದಂಡೆಗಳೂ ಸರದಿಯಂತೆ ಮುಖ ತೋರಿಸುತ್ತವೆ. ಮೊದಲ ದಿನ ಅರ್ಧ ಗಂಟೆಯಲ್ಲಿ ನಾನು ತಿಂದದ್ದನ್ನೆಲ್ಲ ಕೃಷ್ಣಾರ್ಪಣ ಮಾಡಿದೆ. ರೈಲು ಸೇತುವೆಯವರೆಗೆ ಹೋಗುವುದು, ಅಲ್ಲಿಂದ ಯಾವುದಾದರೂ ಲಾರಿಯ ಮೇಲೆ ಹರಿಗೋಲು ಹೊರಿಸಿಕೊಂಡು ವಾಪಸ್ಸಾಗುವುದು ಎಂಬುದು ನಮ್ಮ ಯೋಜನೆ. ಸರಂಜಾಮು ಎಂದರೆ ಒಂದು ಗಂಟು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ, ಒಂದು ಕಂಬಳಿ, ನನ್ನ ಚರಿತ್ರೆಯ ಪುಸ್ತಕ. ಆ ಪುಸ್ತಕ ಎರಡನೆಯ ದಿನವೇ ನೆನೆದು ಮೊಘಲರೂ ಮರಾಠರೂ ಒಬ್ಬರಿಗೊಬ್ಬರು ಅಂಟಿಕೊಂಡರು.

ನಮಗೆ ಎದುರಾದ ಅಡಚಣೆ ಸುಳಿಯಲ್ಲ, ಬಂಡೆಯಲ್ಲ, ಒಂದು ಪ್ರಶ್ನೆ. ಮೊದಲ ಊರ ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಮುದುಕಿಯೊಬ್ಬಳು ಕೂಗಿ ಕೇಳಿದಳು:

“ಯಾವೂರಿಗೆ ಹೊಂಟೀರೋ ಯಪ್ಪಾ?”

“ಹಿಂಗ ಕೆಳಗ, ಯವ್ವಾ.”

“ಯಾರದರ ಲಗ್ನ ಅದೇನು?”

“ಇಲ್ಲ.”

“ಯಾರರ ಸತ್ತಾರೇನು?”

“ಯಾರೂ ಸತ್ತಿಲ್ಲ.”

“ಮತ್ತ ಯಾಕ ಹೊಂಟೀರಿ?”

“ಸುಮ್ಮ.”

ಮುದುಕಿ ಬಟ್ಟೆ ಕೈಬಿಟ್ಟಳು. ಇಬ್ಬರು ಗಟ್ಟಿಮುಟ್ಟಾದ ಹುಡುಗರು ಸುಮ್ಮನೆ ಹೊಳೆಗುಂಟ ಹೊರಟಿದ್ದಾರೆಂಬುದು ಆಕೆಗೆ ಕಳ್ಳತನಕ್ಕಿಂತ ಕೆಟ್ಟದಾಗಿ ಕಂಡಿರಬೇಕು. ಮುಂದಿನ ಊರಿನಲ್ಲೂ ಅದೇ ಪ್ರಶ್ನೆ, ಅದೇ ಉತ್ತರ, ಅದೇ ಸಂಶಯ. ‘ಸುಮ್ಮ’ ಅಂದವರಿಗೆ ರೊಟ್ಟಿ ಇರಲಿ, ಕುಡಿಯುವ ನೀರು ಕೊಡಲೂ ಜನ ಹಿಂದೆಮುಂದೆ ನೋಡಿದರು. ನಮ್ಮ ಗಂಟಿನ ರೊಟ್ಟಿ ಮೂರನೆಯ ದಿನ ಮುಗಿಯಿತು. ಆಗ ಉಪಾಯ ಹೇಳಿದವನು ನಾನೇ. ಬುದ್ಧಿವಂತ ನಾನಲ್ಲವೇ, ಬಿ.ಎ. ಓದುತ್ತಿದ್ದವನು!

“ಕನ್ಯಾ ನೋಡಾಕ ಹೊಂಟೀವಿ ಅನ್ನೋಣು,” ಅಂದೆ. “ವರ ಅಂದ್ರ ಎಲ್ಲಾರೂ ಉಣ್ಣಾಕ ಹಾಕ್ತಾರ.”

“ಯಾರು ವರ?”

“ನಾನು. ನಾ ಓದಿದಾಂವ.”

ದೇವಿಂದ್ರ ಬಿದ್ದು ಬಿದ್ದು ನಕ್ಕ. ಮುಂದಿನ ಊರಿನಿಂದ ನಾನು ಅವನ ಸೋದರಮಾವನ ಮಗನಾದೆ. ತುಂಗಭದ್ರೆಯ ದಂಡೆಯ ಅಂಬಿಗರವನು, ಕಾಲೇಜು ಓದುವವನು, ಕನ್ಯಾ ಹುಡುಕುವವನು. ತುಂಗಭದ್ರೆ ದೂರ, ಯಾರೂ ಹೋಗಿ ಪರೀಕ್ಷಿಸುವಂತಿಲ್ಲ. ಆಮೇಲೆ ನಮ್ಮ ಯಾತ್ರೆಯ ವೈಭವ ಏನು ಕೇಳುತ್ತೀರಿ! ಹೊಳೆಯ ನಡುವಿನ ನಡುಗಡ್ಡೆಗಳಲ್ಲಿ, ದಂಡೆಯ ಗುಡಿಸಲುಗಳಲ್ಲಿ ಮೀನಿನ ಸಾರು, ಬಿಸಿ ರೊಟ್ಟಿ, ಮಜ್ಜಿಗೆ. ಒಂದು ಕಡೆ ನನ್ನ ಕಾಲಿಗೆ ನೀರು ಕೊಟ್ಟರು. ಇನ್ನೊಂದು ಕಡೆ ಹೆಣ್ಣುಮಕ್ಕಳು ಬಾಗಿಲ ಸಂದಿಯಿಂದ ನನ್ನನ್ನು ನೋಡಿ ನಕ್ಕರು. ಜೀವಮಾನದಲ್ಲಿ ಮೊದಲ ಸಲ ಬೇರೆಯವರ ಮನೆಯ ನಡುಮನೆಯಲ್ಲಿ, ಚಾಪೆಯ ಮೇಲೆ, ಗೋಡೆಗೆ ಬೆನ್ನು ಕೊಟ್ಟು ಕೂತಿದ್ದೆ. ಸುಳ್ಳು ಎಂಬುದು ಮರೆತೇ ಹೋಯಿತು. ಅಷ್ಟು ಸುಖವಾಗಿ ನಾನು ಮತ್ತೆ ಎಲ್ಲಿಯೂ ಕೂತಿಲ್ಲ ಎಂದರೆ ನೀವು ನಂಬಬೇಕು.

ಐದನೆಯ ದಿನ ಬೆಳಿಗ್ಗೆ ಹರಿಗೋಲು ಬಂಡೆಗೆ ಉಜ್ಜಿ ತೊಗಲು ಒಂದು ಗೇಣು ಹರಿಯಿತು. ನೀರು ಒಳಗೆ ಬರತೊಡಗಿತು. ನಾನು ಬೊಗಸೆಯಿಂದ ನೀರು ಚೆಲ್ಲುತ್ತ, ದೇವಿಂದ್ರ ಜೀವದ ಹಂಗು ಬಿಟ್ಟು ಹುಟ್ಟು ಹಾಕುತ್ತ ಹತ್ತಿರದ ನಡುಗಡ್ಡೆಗೆ ಹತ್ತಿದೆವು. ಐದಾರು ಮನೆಗಳ ಗಡ್ಡೆ. ಅಲ್ಲಿನ ಹಿರಿಯ ನರಸಣ್ಣ ತಾತ ನಮ್ಮನ್ನು ಕೈಹಿಡಿದು ಮನೆಗೆ ಕರೆದೊಯ್ದ. ದೇವಿಂದ್ರನ ಅಪ್ಪನ ಹೆಸರು ಕೇಳಿದ್ದನಂತೆ. ನನ್ನ ಕಥೆ ಕೇಳಿದ ಮೇಲಂತೂ ಮುದುಕನ ಮುಖ ಅರಳಿತು. ಅವನಿಗೊಬ್ಬಳು ಮೊಮ್ಮಗಳಿದ್ದಳು. ಬೆಡಗು, ಅಂದರೆ ಕುಲದೊಳಗಿನ ಬಳಿ, ಯಾವುದು ಎಂದು ಕೇಳಿದ; ದೇವಿಂದ್ರ ನಿಂತ ಕಾಲಲ್ಲಿ ಒಂದು ಬೆಡಗು ಹುಟ್ಟಿಸಿದ. ಅವನ ಹೆಂಡತಿ ಮುದುಕಿ ನನಗೆ ಎರಡನೆಯ ಸಲ ಮಜ್ಜಿಗೆ ಹಾಕಿದಳು. ಆ ಮೊಮ್ಮಗಳು ಒಳಗಿನಿಂದ ತಂಬಿಗೆ ತಂದಿಟ್ಟು ಹೋದಳು. ಅವಳ ಮುಖ ನಾನು ನೋಡಲಿಲ್ಲ, ನಾಚಿಕೆಯಿಂದಲ್ಲ, ಆಗ ಮಾತ್ರ ಸ್ವಲ್ಪ ಹೆದರಿಕೆಯಾಗಿತ್ತು.

ಊಟವಾದ ಮೇಲೆ ಹರಿಗೋಲು ಬೋರಲು ಹಾಕಿ ತಾತನ ಮಗ ದುರಸ್ತಿಗೆ ಕೂತ. ಅರಿವೆಯ ತುಂಡಿಗೆ ಡಾಂಬರು ಬಳಿದು ಹರಿದಲ್ಲಿ ಮೆತ್ತಿದ. ಅದು ನಿಲ್ಲುವ ಕೆಲಸವಲ್ಲ ಎಂದು ನನಗೆ ನೋಡಿದ ಕೂಡಲೆ ತಿಳಿಯಿತು.

ಇಲ್ಲಿ ನಮ್ಮಪ್ಪನ ಮಾತು ಹೇಳಬೇಕು. ನಮ್ಮಪ್ಪ ಕಲ್ಲೂರಿನ ಸುತ್ತಿನ ರೈತರಿಗೆಲ್ಲ ಕಪಿಲೆಯ ತೊಗಲಿನ ಚೀಲ ಹೊಲಿಯುತ್ತಿದ್ದ, ಬಾವಿಯಿಂದ ಎತ್ತು ಹೂಡಿ ನೀರೆತ್ತುವ ಚೀಲ. ನಮ್ಮ ಹಿತ್ತಲೆಂದರೆ ತೊಗಲು ಹದಮಾಡುವ ಸುಣ್ಣದ ಗುಂಡಿ, ತಂಗಡಿ ತೊಗಟೆ ನೆನೆಹಾಕಿದ ಕೆಂಪು ನೀರು. ಆ ನೀರಿನ ವಾಸನೆ ನನ್ನ ಪಾಟಿಚೀಲಕ್ಕೂ ಇತ್ತು. ಶಾಲೆಯಲ್ಲಿ ಕೈಗಳನ್ನು ಚಡ್ಡಿಯ ಜೇಬಿನಲ್ಲಿ ಇಟ್ಟುಕೊಂಡೇ ಪಾಠ ಕೇಳಿ ಎಷ್ಟೋ ಏಟು ತಿಂದಿದ್ದೇನೆ, ಉಗುರು ಕೆಂಪಗಿದ್ದವು. ಅಪ್ಪ ಹೊಲಿಯುವಾಗ ತೊಗಲ ಬಾರಿನ ಇನ್ನೊಂದು ತುದಿ ಹಿಡಿಯುವ ಕೆಲಸ ನನ್ನದು. “ಹೊಲಿಗಿ ಹಾಕಿದರ ನೀರಿಗೆ ದಾರಿ ಕಾಣಬಾರ್ದಲೇ” ಅನ್ನುತ್ತಿದ್ದ. ಹತ್ತನೆಯ ಇಯತ್ತೆಗೆ ಬಂದಾಗ ಆ ಕೆಲಸ ಇನ್ನು ಮುಟ್ಟುವುದಿಲ್ಲವೆಂದು ಹಟ ಹಿಡಿದು ಬಿಟ್ಟೆ. ಅಂದಿನಿಂದ ಅಪ್ಪ ಬಾರಿನ ತುದಿಯನ್ನು ತನ್ನ ಕಾಲಿನ ಹೆಬ್ಬೆರಳಿಗೇ ಸಿಕ್ಕಿಸಿಕೊಳ್ಳತೊಡಗಿದ.

ಗಡ್ಡೆಯಲ್ಲಿ ಆ ಡಾಂಬರಿನ ತೇಪೆ ನೋಡಿ ನನಗೆ ತಡೆಯಲಾಗಲಿಲ್ಲ. “ಸರೀರಿ ಅಣ್ಣಾರ, ನಾ ನೋಡ್ತೀನಿ” ಎಂದು ತೇಪೆ ಕಿತ್ತು ಒಗೆದೆ. ಗೋಣಿ ಹೊಲಿಯುವ ದಬ್ಬಣ ತರಿಸಿದೆ. ಹರಿಗೋಲಿನ ಅಂಚಿನ ಹೆಚ್ಚುವರಿ ತೊಗಲಿನಿಂದ ಸಣ್ಣಗೆ ಬಾರು ಕೊಯ್ದು, ನೀರಲ್ಲಿ ನೆನೆಸಿ, ಹಲ್ಲಿನಲ್ಲಿ ಜಗ್ಗಿ ಹದ ನೋಡಿದೆ. ಹರಿದ ಎರಡು ಅಂಚುಗಳನ್ನು ಒಂದರೊಳಗೊಂದು ಮಡಚಿ, ದಬ್ಬಣ ಹೊರಮೈಗೆ ಬಾರದಂತೆ ಒಳಗೊಳಗೇ ಹೊಲಿಯುತ್ತ ಹೋದೆ. ಬಾರಿನ ಇನ್ನೊಂದು ತುದಿ ಯಾವಾಗ ನನ್ನ ಕಾಲ ಹೆಬ್ಬೆರಳಿಗೆ ಹೋಯಿತೋ ನನಗೆ ಗೊತ್ತಿಲ್ಲ. ಕೊನೆಗೆ ಔಡಲೆಣ್ಣೆ ತಿಕ್ಕಿ, ಬೊಗಸೆ ನೀರು ಸುರಿದು ನೋಡಿದೆ. ಒಂದು ಹನಿ ಇಳಿಯಲಿಲ್ಲ. ಅಷ್ಟು ವರ್ಷ ಬಿಟ್ಟಿದ್ದರೂ ಕೈ ಮರೆತಿರಲಿಲ್ಲ. ಖುಷಿಯಿಂದ ಎದೆ ಉಬ್ಬಿತು. ಯಾರಾದರೂ ಹೊಗಳಲಿ ಎಂದು ತಲೆ ಎತ್ತಿದೆ.

ತಾತ ನನ್ನ ಹೊಲಿಗೆಯನ್ನು ನೋಡುತ್ತಿರಲಿಲ್ಲ, ನನ್ನ ಕಾಲನ್ನು ನೋಡುತ್ತಿದ್ದ.

“ಚಂದ ಹೊಲದೀ ತಮ್ಮಾ,” ಅಂದ. “ಯಾರು ಕಲಿಸಿದ್ರು?”

ನಮ್ಮಪ್ಪ ಎನ್ನಲು ನನ್ನ ಬಾಯಿ ತೆರೆದಿತ್ತು. ದೇವಿಂದ್ರ ನಡುವೆ ಬಿದ್ದ. “ಕಾಲೇಜಿನ್ಯಾಗ ಕಲಸ್ತಾರ್ರೀ ತಾತ. ಈಗ ಎಲ್ಲಾ ಕಲಸ್ತಾರ.”

“ಬೆರಳಿಗೆ ಬಾರು ಸಿಗಸಾದೂ ಕಲಸ್ತಾರೇನು?”

ನಾನು ಕಾಲು ಹಿಂದಕ್ಕೆಳೆದುಕೊಂಡೆ. ತಾತ ಬೈಯಲಿಲ್ಲ, ಹೊಡೆಯಲಿಲ್ಲ. ಅವನ ಮುಖದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಮೋಸ ಹೋದವನ ಅವಮಾನ ಇತ್ತು. ಅದನ್ನು ನಾನು ಅವನಿಗೆ ಕೊಟ್ಟದ್ದು ನಿಜ. ಅವನ ಸಂಕಟ ಸರಿ, ಅದರ ಬೇರು ತಪ್ಪು. ಅವೆರಡನ್ನೂ ಬಿಡಿಸಿ ನೋಡಲು ಆಗ ನನಗೆ ಬರುತ್ತಿರಲಿಲ್ಲ, ಈಗಲೂ ಪೂರ್ತಿ ಬರುವುದಿಲ್ಲ. ಮುದುಕಿ ನಾವು ಮಜ್ಜಿಗೆ ಕುಡಿದ ಬಟ್ಟಲುಗಳನ್ನು ಸೆರಗಿನಿಂದ ಹಿಡಿದು ತಂದು ಮರಳಿನ ಮೇಲೆ ಬೋರಲು ಹಾಕಿದಳು. ತಾತ ದೇವಿಂದ್ರನಿಗೆ ಅಂದ: “ನೀ ಯಾರ ಮಗ ಅಂಬಾದು ನನಗ ಗೊತ್ತದ. ಹೊಂಡ್ರಿ.”

ಉಳಿದ ಎರಡು ದಿನ ನಾವು ಯಾವ ಊರಿಗೂ ಹತ್ತಲಿಲ್ಲ. ಹೊಲದಲ್ಲಿ ಕಿತ್ತು ಬಿಟ್ಟಿದ್ದ ಶೇಂಗಾ ಆಯ್ದು ಸುಟ್ಟು ತಿಂದೆವು. ನಾನು ಮಾತಾಡಿಸಿದರೆ ದೇವಿಂದ್ರ ಹುಂ ಅನ್ನುತ್ತಿದ್ದ. ಏಳನೆಯ ದಿನ ರೈಲು ಸೇತುವೆಯ ಕಂಬಗಳು ಕಂಡಾಗ ಅವನು ಹರಿಗೋಲಿನ ತಳಕ್ಕೆ ಕೈಯಾಡಿಸಿ, “ಭಾಳ ಚಂದ ಹೊಲದೀಲೇ. ನೋಡು, ಒಂದ ಹನಿ ಇಲ್ಲ” ಅಂದ. ಅಷ್ಟೇ ಅಂದ. ಆ ಹೊಲಿಗೆಯಿಂದ ಏನು ಹರಿಯಲಿದೆ ಎಂದು ಅವನಿಗೆ ಆಗಲೇ ಗೊತ್ತಿದ್ದಿರಬೇಕು.

ದೀಪಾವಳಿಗೆ ನಾಲ್ಕು ದಿನ ಮುಂಚೆ ಅವನ ಅವ್ವ ನನ್ನನ್ನು ಹುಡುಕಿಕೊಂಡು ರಾಯಚೂರಿನ ಹಾಸ್ಟೆಲಿಗೆ ಬಂದಳು. ಆ ಹೆಣ್ಣುಮಗಳು ಅದಕ್ಕೂ ಮುಂಚೆ ದೇವದುರ್ಗದ ಸಂತೆ ದಾಟಿ ಬಂದವಳಲ್ಲ. ಗೇಟಿನ ಹತ್ತಿರ ನೆಲಕ್ಕೆ ಕೂತು ಸುದ್ದಿ ಹೇಳಿದಳು. ಗಡ್ಡೆಯಿಂದ ಮಾತು ಹೊಳೆಗುಂಟ ಮೇಲಕ್ಕೆ ಬಂದಿತ್ತು. ಸುಳ್ಳು ಹೇಳಿ ಅಂಬಿಗರ ಮನೆಯೊಳಗೆ ಬೇರೆಯವನನ್ನು ಉಣ್ಣಲು ಕೂಡಿಸಿದ, ಕನ್ಯಾ ತೋರಿಸುವ ತನಕ ತಂದ ಎಂದು ದೇವಿಂದ್ರನ ಮೇಲೆ ದೂರು. ಬರುವ ರವಿವಾರ ಆರು ಮನೆಯವರು ಕಡವಿನಲ್ಲಿ ಕೂಡುವವರಿದ್ದರು. ಪಾಳಿ ಉಳಿಯುವುದೋ ಹೋಗುವುದೋ ಅಂದು ತೀರ್ಮಾನ.

“ನೀ ಬಂದು ಒಂದ ಮಾತು ಹೇಳಿ ಹೋಗು ಯಪ್ಪಾ. ಅವಗ ಗೊತ್ತಿರಲಿಲ್ಲ, ನಾನ ಮುಚ್ಚಿಟ್ಟಿದ್ದೆ ಅಂತ ಹೇಳು. ಅಷ್ಟಂದ್ರ ಬಿಡ್ತಾರ.”

“ಅವಗ ಗೊತ್ತಿತ್ತು ಯವ್ವಾ.”

“ನನಗೂ ಗೊತ್ತಿತ್ತು,” ಅಂದಳು. “ರೊಟ್ಟಿ ಹಾಕಲಿಲ್ಲೇನು?”

ಆ ಮಾತಿಗೆ ನಾನು ಅಲ್ಲೇ ಅವಳ ಕಾಲು ಹಿಡಿದು ಬಸ್ಸಿಗೆ ಹೊರಡಬೇಕಿತ್ತು. ಬದಲಿಗೆ ಭಾಷಣ ಮಾಡಿದೆ. ಆಗಷ್ಟೇ ಹಾಸ್ಟೆಲಿನಲ್ಲಿ ಸಭೆಗಳಿಗೆ ಹೋಗಲು ಶುರುಮಾಡಿದ್ದೆ, ಸ್ವಾಭಿಮಾನ ಎಂಬ ಪದ ಬಾಯಿಗೆ ಹೊಸದಾಗಿ ಹತ್ತಿತ್ತು. ನಾನು ಹುಟ್ಟಿದ್ದನ್ನು ತಪ್ಪು ಎಂದು ಒಪ್ಪಿಕೊಂಡಂತಾಗುತ್ತದೆ, ಅಂಥ ಸುಳ್ಳು ನನ್ನಿಂದಾಗದು ಎಂದೆ. ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಮೀನಿನ ಸಾರಿಗಾಗಿ ಮೂರು ದಿನ ಸೋದರಮಾವನ ಮಗನಾಗಿದ್ದವನ ಬಾಯಿಂದ ಬಂತು ಎಂಬುದೊಂದೇ ತಪ್ಪು. ಅವ್ವ ಕೇಳುವಷ್ಟು ಕೇಳಿ, ಸೆರಗು ಸರಿಪಡಿಸಿಕೊಂಡು, “ನಾ ಓದಿದಾಕಿ ಅಲ್ಲಪ್ಪಾ, ತಿಳಿಯಂಗಿಲ್ಲ” ಅಂದಳು. ನನಗೆ ಅಳುಕಾಯಿತು. “ವಿಚಾರ ಮಾಡ್ತೀನಿ ಯವ್ವಾ” ಎಂದೆ. ಅಷ್ಟಕ್ಕೇ ಆಕೆಯ ಮುಖ ತಿಳಿಯಾಯಿತು.

ರವಿವಾರ ಬೆಳಿಗ್ಗೆ ಇದ್ದ ಒಂದೇ ಒಳ್ಳೆಯ ಅಂಗಿ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ಹೋದೆ. ದೇವದುರ್ಗದ ಬಸ್ಸು ನಿಂತಿತ್ತು. ಅದರ ಬಾಗಿಲ ಪಾವಟಿಗೆಯ ತನಕ ಹೋದೆ. ಆಗ ಆ ಆರು ಮನೆಯ ಗಂಡಸರು ಸಾಲಾಗಿ ಕೂತದ್ದು, ನಾನು ನಡೆದು ಬರುವುದು, ಎಲ್ಲರ ಕಣ್ಣು ನನ್ನ ಕಾಲಿಗೆ ಹೋಗುವುದು ಮನಸ್ಸಿಗೆ ಬಂತು. ಸ್ವಾಭಿಮಾನ ಅಲ್ಲ, ತತ್ವ ಅಲ್ಲ, ಬರೀ ಹೆದರಿಕೆ. ಕಂಡಕ್ಟರ್ “ಹತ್ತತೀರೋ ಇಲ್ಲೋ?” ಎಂದು ಕೇಳಿದ. ನಾನು ಚಪ್ಪಲಿ ಸರಿಮಾಡಿಕೊಳ್ಳುವವನಂತೆ ಬಗ್ಗಿದೆ. ಬಸ್ಸು ಹೋಯಿತು. ಹಾಸ್ಟೆಲಿಗೆ ಬಂದು ಅದೇ ಅಂಗಿಯಲ್ಲಿ ದಿನವೆಲ್ಲ ಕಾಟಿನ ಮೇಲೆ ಕೂತಿದ್ದೆ.

ಪಾಳಿ ಹೋಯಿತು ಎಂದು ಆಮೇಲೆ ದೇವದುರ್ಗದ ಹುಡುಗನೊಬ್ಬ ಹೇಳಿದ. ದೇವಿಂದ್ರ ಅವ್ವನನ್ನು ಕರೆದುಕೊಂಡು ಊರು ಬಿಟ್ಟನಂತೆ. ನಾನು ಬಿ.ಎ. ಮುಗಿಸಿದೆ, ಬಿ.ಎಡ್. ಮುಗಿಸಿದೆ, ಮಾಸ್ತರಿಕೆ ಹಿಡಿದೆ, ಮದುವೆಯಾದೆ. ನನ್ನದೇನೂ ನಿಲ್ಲಲಿಲ್ಲ. ಒಂದು ಪತ್ರ ಬರೆಯಬೇಕೆಂದು ಎಷ್ಟು ಸಲ ಕೂತರೂ ವಿಳಾಸ ಗೊತ್ತಿಲ್ಲವೆಂಬ ನೆಪ ಸಿಗುತ್ತಿತ್ತು. ಆ ನೆಪದ ಬಗ್ಗೆ ನನಗೆ ಎಷ್ಟು ಸಮಾಧಾನವಾಗುತ್ತಿತ್ತು ಎಂಬುದನ್ನು ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಎಂಬತ್ತರ ದಶಕದ ಮೊದಲ ವರ್ಷಗಳು. ರಾಯಚೂರಿನ ಹತ್ತಿರ ಹೊಳೆಯ ದಂಡೆಗೆ ವಿದ್ಯುತ್ ಕೇಂದ್ರ ಕಟ್ಟುತ್ತಿದ್ದ ಕಾಲ. ಸಂಬಂಧಿಕರೊಬ್ಬರ ಮನೆಗೆ ಹೊರಟಿದ್ದ ನನ್ನ ಬಸ್ಸು ಅಲ್ಲಿ ಚಹಾಕ್ಕೆ ನಿಂತಿತು. ಚಹಾದಂಗಡಿಯ ಬೆಂಚಿನ ಮೇಲೆ ತಲೆ ಮೈಯೆಲ್ಲ ಸಿಮೆಂಟಿನ ಬೂದಿಯಾಗಿದ್ದವನೊಬ್ಬ ಕೂತಲ್ಲೇ ತೂಕಡಿಸುತ್ತಿದ್ದ. ತಲೆ ವಾಲಿದ ರೀತಿಯಿಂದಲೇ ಗುರುತು ಹಿಡಿದೆ.

“ದೇವಿಂದ್ರಾ.”

ಕಣ್ಣು ಬಿಟ್ಟ. ನೋಡಿದ. ಎದ್ದು ನನ್ನ ಎರಡೂ ಕೈ ಹಿಡಿದ. “ಅಯ್ ಲೇ! ಧೋತರ ಉಡ್ತೀ, ಮಾಸ್ತರ್ ಆಗೀಯೇನು?” ಎಂದು ನಕ್ಕ. ಇಬ್ಬರೂ ಕೂತೆವು. ಅವ್ವ ತೀರಿಹೋಗಿ ಎರಡು ವರ್ಷವಾಯಿತು ಅಂದ. ಈಗ ಸಿಮೆಂಟ್ ಚೀಲ ಹೊರುತ್ತಾನೆ. ಹೊಳೆ ಎದುರಿಗೇ ಕಾಣುತ್ತಿತ್ತು. “ನೀರಿಗೆ ಇಳೀತೀಯೇನು?” ಎಂದು ಕೇಳಿದೆ. “ಯಾತಕ್ಕ?” ಅಂದ.

ಆ ರವಿವಾರದ ಮಾತನ್ನು ಅವನೇ ತೆಗೆದ.

“ಅವತ್ತ 'ಬರ್ತೀನಿ ಅಂದಾನ' ಅಂತ ಅವ್ವ ಬಂದು ಹೇಳಿದ್ಳು. ಹೊತ್ತು ಮುಣಗೂತನಾ ಎಲ್ಲಾರನ್ನೂ ಕುಂದರಿಸಿದ್ದೆ. ತಡೀರಿ, ಬರ್ತಾನ, ಬರ್ತಾನ ಅಂತ.”

“ಅವ್ವ ಸುಳ್ಳು ಹೇಳು ಅಂದಿದ್ಳು ದೇವಿಂದ್ರ. ನಿನಗ ಗೊತ್ತಿರಲಿಲ್ಲ ಅಂತ ಹೇಳು ಅಂದಿದ್ಳು. ಅದಕ್ಕ...”

ಅವನು ಬೆರಗಾಗಿ ನೋಡಿದ. “ಆ ಸುಳ್ಳು ಯಾರಿಗೆ ಬೇಕಿತ್ತಲೇ? ಮುಂಜಾನೇನ ಹೇಳಿಬಿಟ್ಟಿದ್ದೆ, ನನಗ ಗೊತ್ತಿತ್ತು, ಅಂವ ನನ್ನ ಗೆಳ್ಯಾ ಅಂತ. ನೀ ಏನೂ ಹೇಳಬೇಕಾಗಿದ್ದಿಲ್ಲ. ಬಂದು ನನ್ನ ಬಾಜೂಕ ಕುಂತಿದ್ರ ಸಾಕಿತ್ತು. ಪಾಳಿ ಹ್ಯಾಂಗೂ ಹೋಗ್ತಿತ್ತು. ಒಬ್ಬನ ಕುಂತಿದ್ದೆ ನೋಡು, ಅದ.”

ನಾನು ಚಹಾದ ಕಪ್ಪು ಕೆಳಗಿಟ್ಟೆ.

“ಅವತ್ತ ಎಲ್ಲಿದ್ದಿ?” ಎಂದು ಕೇಳಿದ. ಸಿಟ್ಟಿನಿಂದ ಕೇಳಿದ್ದಲ್ಲ, ತಿಳಿದುಕೊಳ್ಳಲು ಕೇಳಿದ್ದು. ಏಳೆಂಟು ವರ್ಷ ಒಳಗೇ ಇಟ್ಟುಕೊಂಡಿದ್ದ ಪ್ರಶ್ನೆ ಎಂದು ಅವನ ಕಣ್ಣು ಹೇಳುತ್ತಿತ್ತು. ಬಸ್ಸಿನ ಪಾವಟಿಗೆಯ ತನಕ ಬಂದು ಹೆದರಿ ವಾಪಸ್ಸಾದೆ ಎಂದು ಹೇಳಲು ಒಂದು ಉಸಿರು ಸಾಕಾಗಿತ್ತು.

“ಪರೀಕ್ಷೆ ಇತ್ತು,” ಅಂದೆ.

“ಪರೀಕ್ಷಿ ಇತ್ತೇನು?” ದೇವಿಂದ್ರನ ಮುಖದ ಬಿಗಿಯೆಲ್ಲ ಸಡಿಲಾಯಿತು. ನನ್ನ ತೊಡೆಗೊಂದು ಏಟು ಹಾಕಿ ನಕ್ಕ. “ಹಂಗಂದ್ರ ಬಿಡು ಮತ್ತ. ಪರೀಕ್ಷಿ ಬಿಟ್ಟು ಹ್ಯಾಂಗ ಬರ್ತೀ? ನಾ ಹುಚ್ಚ, ಇಷ್ಟು ವರ್ಷ ಏನೇನೋ ಅಂದ್ಕೊಂಡಿದ್ದೆ.” ಒಳಗೆ ಸೈರನ್ ಕೂಗಿತು. ಅವನು ತಲೆಗೆ ಗೋಣಿಯ ಕೊಪ್ಪೆ ಹಾಕಿಕೊಂಡು ಎದ್ದ, ನಾಲ್ಕು ಹೆಜ್ಜೆ ಹೋಗಿ ತಿರುಗಿ, ಅದೇ ಹಗುರಾದ ಮುಖದಿಂದ ಕೇಳಿದ:

“ಪಾಸಾದ್ಯಲ್ಲ?”

ಆದೆ ಎಂದು ಗೋಣು ಹಾಕಿದೆ.